ಕಲ್ಲಿನಡಿಯ ಎರಡು ಮೊಟ್ಟೆ

ಜೂನ್ 14
ಬೆಳಗ್ಗೆ ಕಾಡಂಚಿನಲ್ಲಿ ಮತ್ತೆ ಎರಡು ಕಲ್ಲು ಮಾಯ. ಹೊಲದ ಬದುವಿಗೆ ಯಾರೋ ಹೊತ್ತೊಯ್ದಿದ್ದಾರೆ. ಅವುಗಳಡಿ ನನ್ನ ಹಲ್ಲಿಗಳಿದ್ದವು. ಬೆರಳುದ್ದದ ಕಂದು ನೆಲಹಲ್ಲಿ. ಗೋಡೆ ಹತ್ತಲು ಬಾರದು. ಹಗಲೆಲ್ಲ ಕಲ್ಲಿನಡಿ, ಮುಸ್ಸಂಜೆಗೆ ತರಗೆಲೆ ಮೇಲೆ ಬೇಟೆ. ಪುಸ್ತಕದಲ್ಲಿ ಇದಕ್ಕೆ ಕೊಳ್ಳೇಗಾಲದ್ದೇ ಹೆಸರು. ಅದೇ ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕೂತ ಅಮ್ಮ ಫೋನಲ್ಲಿ ಕೇಳುತ್ತಾಳೆ — "ಮನೆ ಗೋಡೇಲಿರೋದು ಸಾಲ್ದಾ ವಾಣಿ?" ಇವುಗಳ ಮೇಲೆಯೇ ನನ್ನ ಪಿಎಚ್.ಡಿ., ಇದು ಮೂರನೇ ವರ್ಷ.

ಜೂನ್ 19
ಸಿಕ್ಕಿತು! ಹಾದಿ ಪಕ್ಕದ ದೊಡ್ಡ ಕಲ್ಲಿನ ಸಂದಿಯಲ್ಲಿ ಎರಡು ಮೊಟ್ಟೆ. ಬಿಳಿ, ಹುಣಸೆಬೀಜದಷ್ಟು. ಮರಿ ಹೊರಬರುವುದು ವಿಡಿಯೋ ಆದರೆ ಥೀಸಿಸ್‌ನ ಒಂದು ಅಧ್ಯಾಯ ಮುಗಿದಂತೆ. ಆದರೆ ಈ ಕಲ್ಲೂ ಬದುವಿಗೆ ಹೋದರೆ?
ಅರಣ್ಯ ಇಲಾಖೆಯ ವಾಚರ್ ಮಹದೇವಸ್ವಾಮಿ ಉಪಾಯ ಹೇಳಿದ. "ಅರಿಸ್ನ ಕುಂಕ್ಮ ಇಟ್ಬುಡಿ ಮೇಡಂ. ಯಾವನೂ ಮುಟ್ಟಾಕಿಲ್ಲ."
ಖುಷಿಯಿಂದ ನಾನೇ ಇಟ್ಟೆ.

ಜುಲೈ 6
ಜ್ವರ. ಯಳಂದೂರಿನ ರೂಮಲ್ಲೇ ಬಿದ್ದಿದ್ದೆ. ಇವತ್ತು ಹೋದರೆ... ಕಲ್ಲಿಗೆ ಹೂವು! ಸುತ್ತ ಒಂದು ತರಗೆಲೆಯೂ ಇಲ್ಲ, ಗುಡಿಸಿ ನೀರು ಚಿಮುಕಿಸಿದೆ. ಪೊರಕೆ ಹಿಡಿದು ನಿಂತವಳು ಚಿಕ್ಕನಿಂಗಮ್ಮ, ಮೇಕೆ ಮೇಯಿಸುವ ಅಜ್ಜಿ. ಈ ಕಲ್ಲಿಗೆ ಹರಕೆ ಹೊತ್ತ ಮರುದಿನವೇ, ಕಳೆದುಹೋಗಿದ್ದ ಮೇಕೆ ಸಿಕ್ಕಿತಂತೆ.
"ಅಜ್ಜಿ, ಅದು ದೇವರಲ್ಲ. ಕುಂಕುಮ ಇಟ್ಟವಳು ನಾನು."
"ನೀ ಇಟ್ಟುದ್ದಲ್ಲ ಕಣವ್ವ. ಅವ್ನೇ ನಿನ್ ಕೈಲಿ ಇಡುಸ್ಕಂಡವ್ನೆ."
ಇರಲಾರದೆ ಇರುವೆ ಬಿಟ್ಟುಕೊಂಡೆ. ತರಗೆಲೆ ಬಾಚಿ ತಂದು ಮತ್ತೆ ಸುರಿದೆ. ನಾಳೆ ಮತ್ತೆ ಗುಡಿಸುತ್ತಾಳೆ.

ಜುಲೈ 23
ಗಾದೆ ನಿಜವಾಯಿತು. ಎಡೆಗೆ ಇಟ್ಟ ತಂಬಿಟ್ಟಿಗೆ ಇರುವೆ ಮುತ್ತಿವೆ. ಒಂದು ಮೊಟ್ಟೆಯನ್ನೂ ತಿಂದು ಹಾಕಿವೆ, ಬರೀ ಚಿಪ್ಪು. ಅಳು ಬಂತು.
"ಎಡೆ ಇಡಬೇಡ ಅಜ್ಜಿ, ಕಾಲಿಗೆ ಬೀಳ್ತೀನಿ."
"ದೇವ್ರ ಅಸ್ಕಂಡ್ ಕೂರ್ಸಾದಾ?"
ಉಳಿದ ಮೊಟ್ಟೆಯನ್ನು ತೋರಿಸಿದೆ. ಬಗ್ಗಿ ತುಂಬ ಹೊತ್ತು ನೋಡಿದಳು. ಭಕ್ತಿ ಇನ್ನೂ ಹೆಚ್ಚಾಯಿತು. ನನ್ನ ಕರ್ಮ.

ಆಗಸ್ಟ್ 17, ಸಂಜೆ
ಮೊಟ್ಟೆಯ ಬಣ್ಣ ಮಂಕಾಗಿದೆ. ಇವತ್ತೋ ನಾಳೆಯೋ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ಆನ್ ಮಾಡಿಟ್ಟಿದ್ದೇನೆ. ಪಕ್ಕದಲ್ಲಿ ಅಜ್ಜಿ. ಹೋಗು ಎಂದರೂ ಹೋಗಳು.

ಅದೇ ದಿನ, ರೂಮಿಗೆ ಬಂದ ಮೇಲೆ
ಚಿಪ್ಪು ಬಿರಿಯಿತು. ಪುಟ್ಟ ಮೂತಿ ಕಂಡಿತು. ಅಜ್ಜಿ "ನಮ್ಮಪ್ಪಾ!" ಎಂದು ಕಲ್ಲಿಗೆ ಅಡ್ಡಬಿದ್ದಳು. ಎಬ್ಬಿಸುವಷ್ಟರಲ್ಲಿ ಮರಿ ಹೊರಬಂದು ಓಡಿಹೋಗಿತ್ತು. ವಿಡಿಯೋ ತುಂಬ ಅಜ್ಜಿಯ ಬೆನ್ನು.
ಎದ್ದು ಸೆರಗು ಕೊಡವಿದಳು. "ಎರಿಗೆ ಆಯ್ತಲ್ಲವ್ವ, ಇನ್ ಪುರುಡು, ಮೈಲ್ಗೆ. ಅನ್ನೊಂದ್ ದಿನ ಪೂಜೆ ಇಲ್ಲ, ಎಡೆ ಇಲ್ಲ. ಕಲ್ನೂ ಮುಟ್ಟಾಕಿಲ್ಲ."
ಇಷ್ಟು ದಿನ ಇದನ್ನೇ ಬೇಡಿಕೊಂಡೆ. ಇದನ್ನೇ. ಈಗ ಕಾಯಲು ಕಲ್ಲಿನಡಿ ಮೊಟ್ಟೆಯೇ ಇಲ್ಲ.