ಟ್ರಂಪೆಟ್ಟಿನಿಂದ ಬಸಿದ ನೀರು

ತಮ್ಮಾ ಎರ್ರೆಪ್ಪ,

ನೀನು ಹೋದಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಯಾವ ಅಂಚೆಗೂ ಹಾಕುವುದಿಲ್ಲ.

ಈ ಸಂಜೆ ಸಂಡೂರಿನ ಚರ್ಚಿನಲ್ಲಿ ನಮ್ಮ ಬ್ಯಾಂಡಿನವರು ಕ್ರಿಸ್‌ಮಸ್ ಹಾಡು ನುಡಿಸಿದೆವು. ನಿನ್ನ ಟ್ರಂಪೆಟ್ ಈಗ ನಿನ್ನ ಮಗ ಯಲ್ಲೇಶನ ಕೈಯಲ್ಲಿದೆ. ಮೂರನೆಯ ಹಾಡಿನಲ್ಲಿ ಅವನ ಉಸಿರು ನಡುವೆಯೇ ತುಂಡಾಯಿತು. ಹಾಡು ಮುಗಿದ ಮೇಲೆ, ಕೊಳವೆಯಲ್ಲಿ ನಿಂತಿದ್ದ ಎಂಜಲು ನೀರು ಬಸಿದ. ಕೆಂಪಗಿತ್ತು.

"ಗಣಿ ಧೂಳು ಊದಾಕತ್ತೀಯೇನಲೇ!" ಎಂದು ಡ್ರಮ್ಮಿನ ಹುಲುಗಪ್ಪ ನಕ್ಕ.

ಅಂದು ನೀನು ಬಸಿದ ನೀರು ಕೆಂಪಾದಾಗ ಹಾಗೆ ನಕ್ಕವನು ನಾನು. ಮುಂದಿನ ಕ್ರಿಸ್‌ಮಸ್‌ಗೆ ನೀನಿರಲಿಲ್ಲ.

"ನಡಿ, ದವಾಖಾನಿಗೆ ಹೋಗಾನ," ಎಂದೆ.

"ಇನ್ನಾ ಎಲ್ಡು ಹಾಡು ಅದಾವು, ದೊಡ್ಡಪ್ಪ. ಜನ ಕುಂತಾರ," ಎಂದು ಬಾಯಿ ಒರೆಸಿಕೊಂಡ.

ಬ್ಯಾಂಡಿನವರೆಲ್ಲ ನನ್ನ ಕೈಸನ್ನೆಗೆ ಕಾದು ನನ್ನನ್ನೇ ನೋಡುತ್ತಿದ್ದರು. ನಾಲ್ಕನೆಯ ಹಾಡಿಗೆ ಕೈ ಎತ್ತಿದವನು ನಾನೇ, ತಮ್ಮಾ.