ಬರೀ ಶುರುವಷ್ಟೇ, ದೊಡ್ಡಮ್ಮ

ಪ್ರೀತಿಯ ವಿನೋದಾ ದೊಡ್ಡಮ್ಮನಿಗೆ,

ನಿಮ್ಮ ಬಲಗಣ್ಣಿಗೆ ಆಯಾಸವಾಗದಿರಲೆಂದು ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದೇನೆ. ಸಂತೋಷದ ಸುದ್ದಿ ಎರಡಿವೆ. ಎರಡನೆಯದನ್ನು ಹೇಳಲು ನಿಮ್ಮ ಮಗ ಪ್ರೀತಮಣ್ಣನ ಒಪ್ಪಿಗೆ ಪಡೆದಿದ್ದೇನೆ.

ಶಾಲೆಯಲ್ಲಿ ನಮಗೆ ಗಣಿತ ಕಲಿಸುವಾಗ ಬೋರ್ಡಿನ ಎಡತುದಿಯನ್ನು ನೀವು ಅಳಿಸದೇ ಬಿಡುತ್ತಿದ್ದಿರಿ. ನಾವು ಹುಡುಗಿಯರು ನಗುತ್ತಿದ್ದೆವು. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಮಂಗಳೂರಿನ ಡಾಕ್ಟರು ಗ್ಲಾಕೋಮಾ ಎಂದು ಹೇಳುವಷ್ಟರಲ್ಲಿ ಎಡಗಣ್ಣಿನ ನರ ಪೂರ್ತಿ ಒಣಗಿತ್ತು. “ನೋವೇ ಇರ್ಲಿಲ್ಲ ಮಗಾ, ನಂಗೆ ಹೇಗೆ ಗೊತ್ತಾಗುದು?” ಎಂದು ನೀವು ಕೇಳಿದಿರಿ. ನಾನಾಗ ಹತ್ತನೇ ತರಗತಿಯಲ್ಲಿದ್ದೆ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಪರದೇಶದ ಈ ಯುಟ್ರೆಕ್ಟ್‌ಗೆ ಬಂದೆ. ಇಲ್ಲಿ ಲ್ಯಾಬಿನಲ್ಲಿ, ಗ್ಲಾಕೋಮಾದಲ್ಲಿ ಆಗುವಂತೆ ಇಲಿಯ ಒಂದು ಕಣ್ಣಿನ ಒತ್ತಡವನ್ನು ಕೊಂಚವೇ ಏರಿಸಿ, ನರದಲ್ಲಿ ಮೊದಲು ಕೆಡುವುದು ಏನೆಂದು ನೋಡುತ್ತೇವೆ. ಕೊನೆಗೆ ಆ ಇಲಿಗಳನ್ನು ಕೊಲ್ಲಬೇಕಾಗುತ್ತದೆ. ನಿಮ್ಮಿಂದ ಅದನ್ನು ಮುಚ್ಚಿಡಲಾರೆ. ಅದಕ್ಕೇ ಒಂದು ಸ್ಲೈಡ್ ಕೂಡ ವ್ಯರ್ಥವಾಗಬಾರದೆಂಬ ಹಟ ನನಗೆ.

ಬೇಸಿಗೆಯಲ್ಲಿ ನೋಡಿದ ಕಣ್ಣುಗಳಲ್ಲಿ ಒತ್ತಡ ಏರಿ ಒಂದೇ ವಾರವಾಗಿತ್ತು. ಜೀವಕೋಶಗಳೆಲ್ಲ ಬದುಕಿದ್ದವು. ಆದರೆ ನರವು ಕಣ್ಣಿನಿಂದ ಹೊರಡುವ ಜಾಗದಲ್ಲಿ ಕೆಲವು ಎಳೆಗಳು ಊದಿಕೊಂಡಿದ್ದವು. ನನ್ನ ಮೇಲ್ವಿಚಾರಕಿ ಮರೈಕೆ ನಂಬಲಿಲ್ಲ. ಕತ್ತರಿಸುವಾಗ ನಾನೇ ಮಾಡಿದ ಎಡವಟ್ಟಿರಬೇಕು ಎಂದರು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಈ ಸಲ ಅವರೇ ಚೀಟಿಗಳನ್ನು ಮುಚ್ಚಿ ಇಪ್ಪತ್ತನಾಲ್ಕು ಸ್ಲೈಡ್ ಕೊಟ್ಟರು. ಒತ್ತಡ ಏರಿದ ಕಣ್ಣು ಯಾವುದು, ಏರದ್ದು ಯಾವುದು ಎಂದು ನಾನು ಹೇಳಬೇಕಿತ್ತು. ಚೀಟಿ ತೆರೆದಾಗ ತಪ್ಪಿದ್ದು ಒಂದೇ ಒಂದು. “ನೀನು ಸರಿ, ನಾನು ತಪ್ಪು” ಎಂದರು, ಎಲ್ಲರ ಎದುರೇ. ಇಲ್ಲಿ ಸಂತೋಷವಾದವರೇ ಕೇಕ್ ತರಬೇಕು. ನಾನು ಎರಡು ತಂದೆ.

ಇದರಿಂದ ನಾಳೆಯೇ ಹೊಸ ಮದ್ದು ಬರುವುದಿಲ್ಲ. ಆದರೆ ಕೇಕ್ ತಿನ್ನಲೆಂದು ತಾನಿರುವ ಊರಾದ ಬೆಸ್ಟ್‌ನಿಂದ ರೈಲು ಹತ್ತಿ ಪ್ರೀತಮಣ್ಣ ಬಂದ. ಇದು ತಾಯಿಯಿಂದ ಮಕ್ಕಳಿಗೂ ಬರಬಹುದು, ಕಣ್ಣು ತೋರಿಸಿಕೋ ಎಂದು ನಾಲ್ಕು ವರ್ಷದಿಂದ ಹೇಳಿದರೂ ಕಿವಿಗೆ ಹಾಕಿಕೊಳ್ಳದವನು, ಪರದೆಯ ಮೇಲಿನ ಆ ಎಳೆಗಳನ್ನು ತುಂಬ ಹೊತ್ತು ನೋಡಿದ.

“ಆ ಇಲಿಗೆ ಏನೂ ಗೊತ್ತೇ ಆಗಿರ್ಲಿಕ್ಕಿಲ್ಲ ಅಲ್ವಾ? ನಂದು ಸಹ ಹೀಗೆ ಇರ್ಬಹುದು ಮಾರಾಯ್ತಿ” ಎಂದ.

ಮರುತಿಂಗಳೇ ಇಬ್ಬರೂ ಕಣ್ಣಾಸ್ಪತ್ರೆಗೆ ಹೋದೆವು. ಅಣ್ಣನಿಗೆ ಗ್ಲಾಕೋಮಾ ಶುರುವಾಗಿದೆ, ದೊಡ್ಡಮ್ಮ. ಹೆದರಬೇಡಿ, ಬರೀ ಶುರುವಷ್ಟೇ. ದೃಷ್ಟಿ ಒಂದು ಚುಕ್ಕೆಯಷ್ಟೂ ಹೋಗಿಲ್ಲ. ದಿನವೂ ಹನಿ ಹಾಕಿಕೊಂಡು, ತಪ್ಪದೆ ತೋರಿಸುತ್ತಿದ್ದರೆ ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಹೊರಗೆ ಬಂದವನೇ ಅಣ್ಣ ರಸ್ತೆಬದಿಯ ತಿಂಡಿಗಾಡಿಯಲ್ಲಿ ಒಲಿಬೋಲ್ ಕೊಂಡ. ನಮ್ಮ ಗೋಳಿಬಜೆಯ ಹಾಗೆಯೇ ಇರುತ್ತದೆ, ಮೇಲೆ ಸಕ್ಕರೆಪುಡಿ ಉದುರಿಸಿರುತ್ತಾರೆ. ಮೂಗಿಗೆಲ್ಲ ಸಕ್ಕರೆ ಮೆತ್ತಿಕೊಂಡು, ರಸ್ತೆಯಲ್ಲಿ ನಿಂತು ಅತ್ತ, ನಕ್ಕ. ನಾನೂ ಅಷ್ಟೇ. ನನ್ನ ಪಾಲಿನದನ್ನೂ ಅವನೇ ತಿಂದ.

ಈಗ ದಿನಾ ಬೆಳಿಗ್ಗೆ ಹನಿ ಹಾಕಿಕೊಂಡ ಕೂಡಲೇ “ಆಯ್ತು” ಎಂದು ನನಗೆ ಮೆಸೇಜು ಮಾಡುತ್ತಾನೆ. ಈ ಪತ್ರ ನಿಮ್ಮ ಕೈಸೇರಿದ ಮರುದಿನದಿಂದ ನಿಮಗೇ ಮಾಡಲು ಹೇಳಿದ್ದೇನೆ. ಒಂದು ದಿನ ತಪ್ಪಿದರೂ ಫೋನ್ ಮಾಡಿ ಬೈದುಬಿಡಿ.

ಇಬ್ಬರ ತಲೆಯ ಮೇಲೂ ನಿಮ್ಮ ಕೈಯಿರಲಿ.

ನಿಮ್ಮ
ದೀಕ್ಷಿತಾ