ಹೆಸರಿಲ್ಲದ ಅರಿಶಿನ

೧೪ ಜೂನ್, ಭಾನುವಾರ

ಪ್ರೀತಿಯ ತಮ್ಮಾ,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಉತ್ತರ ತಡವಾಗಿದ್ದನ್ನು ಹೊಟ್ಟೆಗೆ ಹಾಕಿಕೋ. ಬರೆಯಲು ಕೂತಾಗಲೆಲ್ಲ ಸೋತುಹೋಗುತ್ತಿದ್ದೆ.

ಪ್ರಯೋಗಾಲಯದಲ್ಲಿ ಈಗ ಹಾಲಿನ ಕಾಟ. ಪರೀಕ್ಷೆಗೆ ಬಂದ ಬಾಟಲಿಗಳು ಬಾಗಿಲವರೆಗೂ ಸಾಲುಗಟ್ಟಿವೆ, ಫ್ಯಾನು ಕೆಟ್ಟು ಕೂತಿದೆ. ನಾವು ಹೋಟೆಲಿಗೆ ಹೋದರೆ ಅಡುಗೆಯವನೇ ಬೆವರುತ್ತಾನೆ ಎಂದು ನಮ್ಮ ಸಾಹೇಬರು ನಗುತ್ತಾರೆ. ನನಗೆ ನಗುವಷ್ಟೂ ತ್ರಾಣವಿಲ್ಲ.

ನಿನ್ನ ಅರಿಶಿನದ ಗಿರಣಿಯ ವಿಷಯಕ್ಕೆ ಬರುತ್ತೇನೆ. "ಒಡಹುಟ್ಟಿದವಳೇ ನನ್ನ ಅನ್ನಕ್ಕೆ ಕಲ್ಲು ಹಾಕಿದ್ಲು" ಎಂದು ಕಂಡಕಂಡವರ ಹತ್ತಿರ ಹೇಳುತ್ತಿದ್ದೀಯಂತೆ. ನಿನ್ನ ಹೆಂಡತಿ ಫೋನಿನಲ್ಲಿ ಅತ್ತಳು. ನಮ್ಮ ಮೇಜಿಗೆ ಬರುವ ಪೊಟ್ಟಣದ ಮೇಲೆ ಯಾರ ಹೆಸರೂ ಇರುವುದಿಲ್ಲ ಕಣೋ, ಬರೀ ನಂಬರು. ನಮ್ಮವರು, ತಮ್ಮವರು ಎಂದು ಕೈ ನಡುಗಬಾರದೆಂದೇ ಆ ಏರ್ಪಾಡು. "ಯಾವ ಪಾಪಿ ಅರಿಶಿನ ಪುಡಿಗೆ ಸೀಸದ ಬಣ್ಣ ಬೆರೆಸಿದ್ನೋ" ಎಂದು ಎಲ್ಲರೆದುರು ಬೈದುಕೊಂಡೇ ವರದಿಗೆ ಸಹಿ ಹಾಕಿದೆ. ಅದು ನಿನ್ನದೆಂದು ತಿಳಿದದ್ದು ಗಿರಣಿಗೆ ಬೀಗ ಬಿದ್ದ ಮೇಲೆ.

"ದಲ್ಲಾಳಿ ಬಣ್ಣ ಹಚ್ಚಿದ ಅರಿಶಿನದ ಕೊಂಬು ಕೊಟ್ಟ, ನಂಗೇನು ಗೊತ್ತಿತ್ತು?" ಎಂದೆಯಂತೆ. ನಂಬುತ್ತೇನೆ. ಆದರೆ "ಮರುಪರೀಕ್ಷೆಗೆ ಅಂತ ಮೊಹರು ಹಾಕಿಟ್ಟ ಇನ್ನೊಂದು ಪೊಟ್ಟಣ ನಿಮ್ಮಲ್ಲೇ ಇದೆಯಲ್ಲಕ್ಕಾ, ಬದಲಾಯಿಸಿಬಿಡು, ಯಾರಿಗೆ ಗೊತ್ತಾಗುತ್ತೆ" ಎಂದು ಕಾಗದದಲ್ಲಿ ಬರೆದೆಯಲ್ಲ, ಅದು ನನ್ನ ಕೈಲಾಗದು. ಬೇಕಿದ್ದರೆ ಅದನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅರ್ಜಿ ಹಾಕು. ಅಲ್ಲಿಯೂ ಇದೇ ಫಲ ಬರುತ್ತದೆ. ನನ್ನ ಮೇಲೆ ಕೋಪ ಬಂದರೆ ಬರಲಿ, ನೀನು ನನ್ನ ತಮ್ಮನೇ.

ನಿನ್ನ ಹೆಂಡತಿಗೂ ಮಗನಿಗೂ ನನ್ನ ಆಶೀರ್ವಾದ. ನಿನಗೆ ಒಳ್ಳೆಯದಾಗಲಿ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ಅಕ್ಕ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮನೆಗೆ ಬರುವ ಹಾಲು, ಎಣ್ಣೆ, ಬೇಳೆ ಎಲ್ಲವನ್ನೂ ಪರೀಕ್ಷಿಸಿಯೇ ಒಲೆಯ ಮೇಲಿಡುವವಳು ನಾನು. ಹುಚ್ಚು ಎಂದು ನಿನ್ನ ಭಾವ ರೇಗುತ್ತಾರೆ. ನೀನು ವರ್ಷವಿಡೀ ಪ್ರೀತಿಯಿಂದ ಕಳಿಸಿದ ಅರಿಶಿನವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಲಿಲ್ಲ, ತಮ್ಮನದಲ್ಲವೇ ಎಂದು. ಮೊನ್ನೆ ನನ್ನ ಪುಟ್ಟಿಯ ರಕ್ತಪರೀಕ್ಷೆ ಮಾಡಿಸಿದೆ. ಸೀಸ ಇದೆ. "ಮಾವಂಗೆ ಹೇಳ್ಬೇಡಮ್ಮ, ಪಾಪ, ಬೇಜಾರು ಮಾಡ್ಕೋತಾರೆ" ಎನ್ನುತ್ತಾಳೆ. ಹೇಳದೆ ಹೇಗಿರಲಿ? ನಿನ್ನ ಮಗನೂ ಅದನ್ನೇ ಉಂಡಿದ್ದಾನೆ. ಈ ಕಾಗದ ಕೈಸೇರಿದ ದಿನವೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.